ಸರಪಳಿ ಹಾಕಿದ ಫೋನು

ಪಾಸ್ತೋರಾಳ ಸೊಂಟದಲ್ಲಿ ಏಳು ಫೋನುಗಳಿವೆ. ಏಳಕ್ಕೂ ಸರಪಳಿ. ಒಂದು ತುದಿ ಫೋನಿಗೆ, ಇನ್ನೊಂದು ತುದಿ ಅವಳ ಜಾಕೀಟಿನ ಕೊಂಡಿಗೆ. ಕರೆ ಮಾಡುವವರು ಅವಳಿಂದ ಎರಡು ಮೊಳ ದೂರ ಹೋಗುವ ಹಾಗಿಲ್ಲ. ಹೆಂಡತಿಯನ್ನು ಬೈಯುವುದಾದರೂ ಅಲ್ಲೇ ಬೈಯಬೇಕು, ಬೇರೆಯವಳಿಗೆ ಮುತ್ತು ಕೊಡುವುದಾದರೂ ಅಲ್ಲೇ ಕೊಡಬೇಕು. ನಿಮಿಷಕ್ಕೆ ಇನ್ನೂರು ಪೇಸೊ. ಕಾಲಿ ನಗರದ ಅರ್ಧ ಸುಳ್ಳುಗಳನ್ನು ಅವಳು ಕೂತಲ್ಲೇ ಕೇಳಿಸಿಕೊಂಡಿದ್ದಾಳೆ.

ನಾನು ಬೆನಿಲ್ದಾ. ಅವಳ ಪಕ್ಕ, ಅದೇ ಬಾದಾಮಿ ಮರದ ಕೆಳಗೆ ಚೊಂತದೂರೊ ಮಾರುತ್ತೇನೆ. ಬೇಯಿಸಿದ ಹಣ್ಣು, ಸಿಪ್ಪೆ ಸುಲಿದು ಉಪ್ಪು, ಜೇನು ಹಾಕಿ ಕೊಡುತ್ತೇನೆ. ಬೆಳಿಗ್ಗೆ ಐದಕ್ಕೆ ತಲೆಗೇರಿಸಿದ ಬೋಗುಣಿಯನ್ನು ಏಳಕ್ಕೆ ಇಳಿಸುತ್ತೇನೆ. ನನ್ನ ನೆತ್ತಿಯಲ್ಲಿ ಕೂದಲಿಲ್ಲ, ಬೋಗುಣಿ ತಿಂದಿದೆ. ಅವಳ ಸೊಂಟದ ಸುತ್ತ ಚರ್ಮ ದಡ್ಡುಗಟ್ಟಿದೆ, ಸರಪಳಿ ತಿಂದಿದೆ. ಇಬ್ಬರೂ ಕರಿಯರು. ಇಬ್ಬರೂ ಗ್ವಾಪಿ ನದಿಯವರು. ಇಬ್ಬರನ್ನೂ ಅಲ್ಲಿಂದ ಓಡಿಸಿದ್ದು ಬಂದೂಕಿನವರು. ಆ ಮಾತು ಅಷ್ಟಕ್ಕೇ ಇರಲಿ.

ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನಿದೆ, ಇವಳ ಹತ್ತಿರ ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಸ್ಮಾರ್ಟ್‌ಫೋನಿದ್ದವರೇ ಬರುತ್ತಾರೆ. ಮೂರು ತಿಂಗಳ ಸಂಬಳ ಸುರಿದು ಫೋನು ತಂದಿರುತ್ತಾರೆ, ಅದಕ್ಕೆ ಕರೆನ್ಸಿ ಹಾಕಿಸಲು ಕಾಸಿರುವುದಿಲ್ಲ. ಆ ಹೊಳೆಯುವ ಗಾಜಿನಲ್ಲಿ ನಂಬರು ಹುಡುಕಿ, ಇವಳ ಸವೆದ ಗುಂಡಿಗಳನ್ನು ಒತ್ತುತ್ತಾರೆ. ಪಾಸ್ತೋರಾ ಬಿಡುವವಳಲ್ಲ.

“ಕುದುರೆ ತಗೊಂಡ್ಯಲ್ಲ ಮರಿ, ಹುಲ್ಲು ಯಾಕೆ ನನ್ನತ್ರ ಕೇಳ್ತೀಯ?”

ಏಳರಲ್ಲಿ ಒಂದು ಫೋನನ್ನು ಮಾತ್ರ ಅವಳು ಯಾರಿಗೂ ಕೊಡುವುದಿಲ್ಲ. ಅದರ ನಂಬರಿನ ಕೊನೆ ನಾಲ್ಕು ನಾಲ್ಕು ಒಂದು ಏಳು. ಹದಿನೈದು ವರ್ಷದ ಹಿಂದೆ ಹಳದಿ ಬಣ್ಣದ ಫೋನ್ ಕಂಪನಿಯವರು ತಾವಾಗಿಯೇ ಬೀದಿಗೆ ಬಂದು ಕೊಟ್ಟ ನಂಬರು ಅದು. ಜೊತೆಗೆ ಹಳದಿ ಜಾಕೀಟು, ಹಳದಿ ಛತ್ರಿ. ಆಗ ಅವರಿಗೆ ಅಂಗಡಿಗಳು ಕಡಿಮೆ, ನಮ್ಮಂಥವರ ಬೆನ್ನುಗಳೇ ಜಾಹೀರಾತು. “ನೀವೇ ನಮ್ಮ ಕಂಪನಿ” ಎಂದಿದ್ದರಂತೆ.

ಆ ನಂಬರನ್ನು ಗ್ವಾಪಿಯ ದೋಣಿಕಟ್ಟೆಯ ಗೋಡೆಯ ಮೇಲೆ ಯಾರೋ ಎಣ್ಣೆಬಣ್ಣದಲ್ಲಿ ಬರೆದರು. ಕೆಳಗೆ ‘ಕಾಲಿಯಲ್ಲಿ ಪಾಸ್ತೋರಾ’ ಎಂದು ಸೇರಿಸಿದರು. ಅಂದಿನಿಂದ ನದಿಯವರು ಯಾರೇ ದೊಡ್ಡಾಸ್ಪತ್ರೆಗೆ ಬಂದರೂ ಬಸ್ಸಿಳಿದು ಮೊದಲು ಒತ್ತುವುದು ಆ ನಂಬರನ್ನೇ. ಯಾವ ಬಸ್ಸು ಹತ್ತಬೇಕು, ಯಾರ ಮನೆಯಲ್ಲಿ ಮಲಗಬೇಕು, ಯಾವ ನರ್ಸಿನ ಹತ್ತಿರ ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲ ಅವಳು ಹೇಳುತ್ತಾಳೆ. ಹೆರಿಗೆಯಾದರೆ ನದಿಗೆ ಸುದ್ದಿ ಕಳಿಸುತ್ತಾಳೆ. ಸತ್ತರೂ ಕಳಿಸುತ್ತಾಳೆ. ಬಂದ ಕರೆಗೆ ಒಂದು ಪೇಸೊ ಮುಟ್ಟಿದವಳಲ್ಲ. ನದಿಯಲ್ಲಿ ಅವಳನ್ನು ಎಲ್ಲರೂ ತೀಯಾ, ಅಂದರೆ ಅತ್ತೆ, ಎನ್ನುತ್ತಾರೆ.

ಒಂದು ದಿನ ಆ ಫೋನಿಗೆ ಕಂಪನಿಯ ಸಂದೇಶ ಬಂತು. ನಿಮ್ಮ ಪ್ಲಾನು ಕೊನೆಗೊಳ್ಳುತ್ತಿದೆ, ನಮ್ಮ ಶಾಖೆಗೆ ಬಂದು ಇನ್ನೂ ಒಳ್ಳೆಯ ಬದುಕನ್ನು ಆನಂದಿಸಿ, ಎಂದಿತ್ತು. ಶಾಖೆ ನಮ್ಮ ಎದುರಿಗೇ ಇದೆ, ರಸ್ತೆ ದಾಟಿದರೆ ಆಯಿತು. ಪಾಸ್ತೋರಾ ದಾಟಿದಳು. ಬಾಗಿಲಲ್ಲಿ ಕಾವಲುಗಾರ ವಿಲ್ಮಾರ್ ತಡೆದ. ಅವನೂ ನಮ್ಮ ಕರಾವಳಿಯವನೇ. ತನ್ನ ಬೂಟು ನೋಡಿಕೊಂಡು ಹೇಳಿದ.

“ಬೀದಿ ಮಾರಾಟದವ್ರನ್ನ ಒಳಗೆ ಬಿಡ್ಬಾರ್ದು ಅಂದವ್ರೆ ತೀಯಾ.”

“ಜಾಕೀಟು ನಿಮ್ಮ ಕಂಪನೀದೇ ಅಲ್ವೇನೋ?”

“ಜಾಕೀಟು ಬರ್ಬೋದೇನೋ. ನೀನು ಬರೋ ಹಾಗಿಲ್ಲ.”

ಅವಳು ವಾಪಸು ಬಂದು ಜಾಕೀಟನ್ನು ಏಳು ಫೋನಿನ ಸಮೇತ ನನ್ನ ಮಡಿಲಿಗೆ ಹಾಕಿ, ಬರೀ ರವಿಕೆಯಲ್ಲಿ ಹೋದಳು. ಹದಿನೈದು ವರ್ಷ ಮಾಡಿದ ಕೆಲಸವನ್ನು ಕಳಚಿಟ್ಟು ಒಳಗೆ ಹೋಗಬೇಕಾಯಿತು.

ಒಳಗಿದ್ದವನು ಡಾಕ್ಟರ್ ಅರ್ಬೆಲಾಯೆಸ್, ಶಾಖೆಯ ಮ್ಯಾನೇಜರು. ಇಲ್ಲಿ ಟೈ ಕಟ್ಟಿದವರನ್ನೆಲ್ಲ ಡಾಕ್ಟರ್ ಎಂದೇ ಕರೆಯುವುದು. ಸೂಜಿ ಚುಚ್ಚಲು ಬರದಿದ್ದರೂ ಪರವಾಗಿಲ್ಲ, ಟೈ ಕಟ್ಟಲು ಬಂದರೆ ಸಾಕು. ಅಲ್ಲಿ ಏನೇನು ನಡೆಯಿತೆಂದು ಪಾಸ್ತೋರಾ ಆಮೇಲೆ ಅವನ ದನಿಯಲ್ಲೇ ಆಡಿ ತೋರಿಸಿದಳು.

“ಈ ನಂಬರ್ ಉಳೀಬೇಕು ಅಂದ್ರೆ ‘ಎಲ್ಲೆಯಿಲ್ಲದ ಬದುಕು’ ಪ್ಲಾನ್ ತಗೋಬೇಕಮ್ಮ. ತಿಂಗಳಿಗೆ ಬರೀ ಎಂಬತ್ತೊಂಬತ್ತು ಸಾವಿರದ ಒಂಬೈನೂರು ಪೇಸೊ. ಜೊತೆಗೆ ಸ್ಮಾರ್ಟ್‌ಫೋನ್.”

“ಫೋನು ಬಿಟ್ಟಿನಾ?”

“ಬಿಟ್ಟಿ ಅಲ್ಲ. ಮೂವತ್ತಾರು ಕಂತು. ಅದು ಬೇರೆ.”

“ಫೋನು ಬೇಡ ಡಾಕ್ಟ್ರೇ. ಏಳಿದೆ.”

“ಫೋನ್ ಇಲ್ದೆ ಪ್ಲಾನ್ ಇಲ್ಲ. ಪ್ಲಾನ್ ಇಲ್ದೆ ನಂಬರ್ ಇಲ್ಲ.”

ಅವಳು, ಸರಿ ಕೊಡಿ, ಎಂದಳಂತೆ. ಆ ನಂಬರಿಗಾಗಿ ಒಂದು ಹೊತ್ತಿನ ಊಟ ಬಿಡಲೂ ತಯಾರಾಗಿದ್ದಳು. ಆಗ ಅವನು ಕೆಲಸದ ಪತ್ರ ಕೇಳಿದ.

“ಎಲ್ಲಿ ಕೆಲಸ?”

“ನಿಮ್ಮ ಬಾಗಿಲ ಮುಂದೆ.”

“ಅದು ಕೆಲಸ ಅಲ್ಲಮ್ಮ. ಮನೆ ವಿಳಾಸ?”

“ಅಗ್ವಾಬ್ಲಾಂಕಾ. ಕಾಲುವೆ ದಡ. ನೀಲಿ ಬಾಗಿಲು.”

“ನೀಲಿ ಬಾಗಿಲು ವಿಳಾಸ ಅಲ್ಲ.” ಅವನು ಕಂಪ್ಯೂಟರಿನಲ್ಲಿ ಏನೋ ಕುಟ್ಟಿದ. “ನೀವು ಇದ್ರಲ್ಲಿ ಇಲ್ವೇ ಇಲ್ಲ.”

“ಇಲ್ಲೇ ಕೂತಿದ್ದೀನಲ್ಲ.”

“ಕಂಪ್ಯೂಟರಲ್ಲಿ ಇಲ್ಲ.”

ಅವನ ಹಾಗೆ ಕೊರಳು ಉದ್ದ ಮಾಡಿ ಅವಳು ಹೇಳಿದ್ದಕ್ಕೆ ನಾನು ಬಿದ್ದುಬಿದ್ದು ನಕ್ಕೆ. ನಕ್ಕಾದ ಮೇಲೆ ಅವಳ ಮುಖ ನೋಡಿದೆ. ನಗಬಾರದಿತ್ತು.

“ಇನ್ನೊಂದು ಗೊತ್ತೇನೇ ಬೆನಿಲ್ದಾ? ಅಲ್ಲಿ ತೋರಿಸೋಕೆ ಇಟ್ಟಿರೋ ಫೋನ್‌ಗಳಿಗೂ ಸರಪಳಿ ಹಾಕವ್ರೆ. ನಂದಕ್ಕಿಂತ ಗಿಡ್ಡ ಸರಪಳಿ.”

ಇನ್ನೆರಡು ಸಲ ಹೋದಳು. ಬೇರೆ ಕಂಪನಿಯವರನ್ನೂ ಕೇಳಿದಳು, ಅವರಿಗೂ ಕೆಲಸದ ಪತ್ರವೇ ಬೇಕಿತ್ತು. ತಿಂಗಳ ಕೊನೆಗೆ ನಾಲ್ಕು ನಾಲ್ಕು ಒಂದು ಏಳು ಉಸಿರು ನಿಲ್ಲಿಸಿತು.

ಅದಾದ ಮರುವಾರವೇ ನದಿಯಿಂದ ಮುದುಕ ಎರ್ಮೊಹೆನೆಸ್ ಕಣ್ಣಿನ ಆಪರೇಷನ್ನಿಗೆ ಬಂದನಂತೆ. ಬಸ್ ನಿಲ್ದಾಣದಿಂದ ಆ ನಂಬರು ಒತ್ತಿಸಿದ. ಈ ನಂಬರ್ ಅಸ್ತಿತ್ವದಲ್ಲಿಲ್ಲ ಎಂದಿತು ಯಂತ್ರ. ಎರಡು ದಿನ ಬೆಂಚಿನ ಮೇಲೆ ಕೂತು ಒತ್ತಿಸಿದ. ಎರಡು ದಿನವೂ ಅದೇ ಮಾತು. ಆಪರೇಷನ್ನಿನ ದಿನ ದಾಟಿಹೋಯಿತು. ಮುದುಕ ಕಣ್ಣಿಗೆ ಕಟ್ಟಿದ ಬಟ್ಟೆಯ ಸಮೇತ ಮನೆಗೆ ಹೋಗಿ ನದಿಗೆಲ್ಲ ಹೇಳಿದ:

“ಪಾಸ್ತೋರಾ ಹೋಗ್ಬಿಟ್ಳು. ಯಂತ್ರವೇ ಹೇಳ್ತು, ಅವಳು ಇಲ್ವಂತೆ.”

ನದಿಯವರು ಆಸ್ಪತ್ರೆಯನ್ನು ನಂಬುವುದಿಲ್ಲ, ಸರ್ಕಾರವನ್ನು ನಂಬುವುದಿಲ್ಲ. ಯಂತ್ರವನ್ನು ನಂಬಿಬಿಟ್ಟರು! ಹದಿನೈದು ವರ್ಷ ಒಂದು ದಿನವೂ ತಪ್ಪದೆ ಎತ್ತಿದವಳು ಎತ್ತಲಿಲ್ಲವೆಂದರೆ ಇನ್ನೇನು ಅರ್ಥ ಎಂಬುದು ಅವರ ಲೆಕ್ಕ. ನಮ್ಮಲ್ಲಿ ಯಾರಾದರೂ ಸತ್ತರೆ ಒಂಬತ್ತು ರಾತ್ರಿ ಹೆಂಗಸರು ಕೂತು ಹಾಡುತ್ತಾರೆ. ಒಂಬತ್ತನೆಯ ರಾತ್ರಿ ದೀಪ ಆರಿಸಿ, ಬಾಗಿಲು ತೆರೆದು, ಆತ್ಮವನ್ನು ಕಳಿಸಿಕೊಡುತ್ತಾರೆ. ಪಾಸ್ತೋರಾಳಿಗೆ ಹಾಡಲು ಶುರು ಮಾಡಿದರು.

ಇದೆಲ್ಲ ನಮಗೆ ಗೊತ್ತಾದದ್ದು ಬಂದರಿನಿಂದ ತೆಂಗಿನಕಾಯಿ ತರುವ ಲಾರಿಯವನಿಂದ. ಅವನು ಮರದ ಕೆಳಗೆ ಇವಳನ್ನು ಕಂಡು ಶಿಲುಬೆ ಗುರುತು ಹಾಕಿಕೊಂಡ.

“ನಿಂಗೆ ಆರು ರಾತ್ರಿ ಹಾಡಿ ಆಯ್ತಂತಲ್ಲೇ!”

“ಚೆನ್ನಾಗಿ ಹಾಡಿದ್ರಾ?” ಎಂದು ಕೇಳಿದಳು ಪಾಸ್ತೋರಾ.

ಕೂಡಲೇ ಬೇರೆ ಫೋನಿನಿಂದ ದೋಣಿಕಟ್ಟೆಯ ಅಂಗಡಿಗೆ ಕರೆ ಮಾಡಿದಳು. ಗುರುತಿನವರ ದನಿ ಮಾಡಿ ದುಡ್ಡು ಕೀಳುವ ಕಳ್ಳರು ಹೆಚ್ಚಾದ ಮೇಲೆ ನದಿಯವರು ಗೊತ್ತಿಲ್ಲದ ನಂಬರನ್ನು ಹತ್ತಿರ ಸೇರಿಸುವುದಿಲ್ಲ. ಅಂಗಡಿಯವಳು, “ಥೂ, ಸತ್ತವಳ ದನೀನೂ ಬಿಡಲ್ವಲ್ಲೋ” ಎಂದು ಉಗಿದು ಇಟ್ಟುಬಿಟ್ಟಳು. ಆರು ಫೋನಿನಿಂದ ಮಾಡಿದಳು. ಆರು ಸಲ ಉಗಿಸಿಕೊಂಡಳು.

ಲಾರಿಯವನು ಬಂದರಿಗೆ ಮರಳುವುದು ವಾರದ ಮೇಲೆ. ಅವಳು ಬದುಕಿದ್ದಾಳೆ ಎನ್ನಲು ಆ ಒಂದು ನಂಬರೇ ಬೇಕಿತ್ತು. ಇನ್ನು ಮೂರು ರಾತ್ರಿ ಕಳೆದರೆ ಗೋಡೆಯ ಮೇಲಿನ ಹೆಸರಿಗೆ ಸುಣ್ಣ ಬಳಿಯುತ್ತಾರೆ. ಆಮೇಲೆ ನದಿಯಿಂದ ಬಂದವರು ಬೆಂಚಿನ ಮೇಲೆ ಕೂತೇ ಕಣ್ಣು ಕಳೆದುಕೊಳ್ಳಬೇಕು. ಅಂದು ಅವಳು ಮೊದಲ ಸಲ ನನ್ನ ಮುಂದೆ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಮುಂದಿನ ಗಿರಾಕಿಗೆ ಫೋನು ಕೊಟ್ಟಳು.

ಮರುದಿನ ಗುರುವಾರ, ಹನ್ನೊಂದು ಗಂಟೆ. ಡಾಕ್ಟರ್ ಅರ್ಬೆಲಾಯೆಸ್ ಮಾತಾಡಲು ಫುಟ್‌ಪಾತಿಗೆ ಬಂದ. ಹಳದಿ ಕಂಪನಿಯ ಅಂಗಡಿಯೊಳಗೆ ಹಳದಿ ಕಂಪನಿಯ ಸಿಗ್ನಲ್ಲು ಸರಿಯಾಗಿ ಸಿಗುವುದಿಲ್ಲ. ಬೈಕೊಂದರಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಡಾಕ್ಟರ ಕಿವಿಯಿಂದಲೇ ಫೋನು ಕಿತ್ತುಕೊಂಡ. ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಅವನ ಕೈ ಕಿವಿಯ ಹತ್ತಿರವೇ ಇತ್ತು.

ಆ ಫೋನಿನಲ್ಲಿ ಅವನ ಬ್ಯಾಂಕೇ ಇತ್ತು. ಕೂಡಲೇ ನಂಬರು ನಿಲ್ಲಿಸಬೇಕು. ಒಳಗೆ ಓಡಿದ. ಮೇಜಿನ ಫೋನುಗಳನ್ನು ಖರ್ಚು ಉಳಿಸಲು ಕಂಪನಿ ತೆಗೆಸಿ ವರ್ಷವಾಗಿತ್ತು. ಕೌಂಟರಿನ ಹುಡುಗಿಯರ ಫೋನುಗಳನ್ನು ಬೆಳಿಗ್ಗೆಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಅವನದೇ ನಿಯಮ, ಬೀಗದ ಗುಟ್ಟಿನ ಸಂಖ್ಯೆ ಹೋದ ಫೋನಿನಲ್ಲಿತ್ತು. ಸಿಬ್ಬಂದಿಯ ನಂಬರನ್ನು ಶಾಖೆಯ ಕಂಪ್ಯೂಟರಿನಲ್ಲಿ ಮುಟ್ಟುವ ಹಾಗಿಲ್ಲ, ಅದು ಕಂಪನಿಯ ನಿಯಮ. ಮತ್ತೆ ಹೊರಗೆ ಓಡಿಬಂದ. ಎದುರಿಗೆ ಒಂದು ರಟ್ಟಿನ ಬೋರ್ಡು ಕಂಡಿತು: ನಿಮಿಷಕ್ಕೆ 200.

“ಅಮ್ಮಾ, ಒಂದು ಕರೆ. ನಮ್ಮ ಸಹಾಯವಾಣಿಗೆ. ಅರ್ಜೆಂಟು.”

ಅವಳು ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ಸಾವಕಾಶವಾಗಿ ಒಂದು ಫೋನು ಆರಿಸಿದಳು.

“ಹಳದಿ ನಂಬರಿಂದ ಮಾಡಿದ್ರೆ ಬಿಟ್ಟಿ ಇತ್ತು ಡಾಕ್ಟ್ರೇ. ನನ್ನತ್ರ ಹಳದೀದು ಒಂದೇ ಇತ್ತು. ಯಾರೋ ಪುಣ್ಯಾತ್ಮರು ಕಟ್ ಮಾಡಿದ್ರು. ಇದು ಬೇರೆ ಕಂಪನೀದು, ನಿಮಿಷಕ್ಕೆ ಇನ್ನೂರು ಬೀಳತ್ತೆ.”

ಅವನು ಎತ್ತರದ ಆಳು, ಸರಪಳಿ ಗಿಡ್ಡ, ಅವಳು ಕೂತೇ ಇದ್ದಳು. ಬಗ್ಗಿ ನಿಂತು ಮಾತಾಡಬೇಕಾಯಿತು. ಬಸ್ಸಿನ ಗಲಾಟೆಯಲ್ಲಿ ಕೇಳಿಸುವುದಿಲ್ಲವೆಂದು ಅವಳು ಸ್ಪೀಕರ್ ಹಾಕಿದಳು. ನಾಲ್ಕಾರು ಜನ ಸೇರಿದರು. ಒಂದನ್ನು ಒತ್ತಿ, ಮೂರನ್ನು ಒತ್ತಿ, ಸಂಗೀತ.

‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಿತು ಯಂತ್ರ.

“ಅಮೂಲ್ಯ ಏನಿಲ್ಲ, ಇನ್ನೂರೇ” ಎಂದಳು ಪಾಸ್ತೋರಾ.

ಹತ್ತೊಂಬತ್ತನೆಯ ನಿಮಿಷಕ್ಕೆ ಒಬ್ಬ ಹುಡುಗಿಯ ದನಿ ಬಂತು.

“ಮೇಡಂ, ನಾನು ಈ ಶಾಖೆಯ ಮ್ಯಾನೇಜರ್!”

“ಎಲ್ರೂ ಹಾಗೇ ಹೇಳ್ತಾರೆ ಸರ್. ನಿಮ್ಮ ನಂಬರಿಂದ ಕೊನೇದಾಗಿ ಕರೆ ಮಾಡಿದ ಐದು ನಂಬರ್ ಹೇಳಿ.”

ಒಂದೂ ಬರಲಿಲ್ಲ. ಹೆಂಡತಿಯ ನಂಬರೂ ಬಾಯಿಗೆ ಬರಲಿಲ್ಲ. ನೋಡುತ್ತಿದ್ದವರಲ್ಲಿ ಯಾರೋ ಚ್‌ ಚ್‌ ಎಂದರು.

“ಪರವಾಗಿಲ್ಲ ಸರ್. ಪರಿಶೀಲಿಸಿ ಅರ್ಧ ಗಂಟೇಲಿ ಈ ನಂಬರಿಗೇ ವಾಪಸ್ ಕರೀತೀವಿ. ಫೋನ್ ಯಾರದು? ಆಗ್ಲೂ ಅವ್ರು ಅಲ್ಲೇ ಇರ್ತಾರೆ ಅನ್ನೋದಕ್ಕೆ ಏನು ಖಾತ್ರಿ?”

ಡಾಕ್ಟರು ಪಾಸ್ತೋರಾಳ ಕಡೆ ತಿರುಗಿದ. ಮೂರು ಸಲ ಅವಳ ಗುರುತಿನ ಚೀಟಿ ಹಿಡಿದು ನೋಡಿದ್ದವನಿಗೆ ಹೆಸರು ನೆನಪಿರಲಿಲ್ಲ.

“ಪಾಸ್ತೋರಾ ರಿಯಾಸ್ಕೋಸ್” ಎಂದಳು ಅವಳೇ.

“ಪಾಸ್ತೋರಾ ರಿಯಾಸ್ಕೋಸ್. ಶಾಖೆ ಎದುರಿಗೆ, ಬಾದಾಮಿ ಮರದ ಕೆಳಗೆ. ಬೆಳಿಗ್ಗೆ ಏಳರಿಂದ ಸಂಜೆ ಆರರ ತನಕ ಇಲ್ಲೇ ಇರ್ತಾರೆ. ಭಾನುವಾರಾನೂ. ಎಷ್ಟೋ ವರ್ಷದಿಂದ. ಎಲ್ಲಿಗೂ ಹೋಗಲ್ಲ ಮೇಡಂ, ಯಾರನ್ನ ಬೇಕಾದ್ರೂ ಕೇಳಿ!”

“ಏನು ಕೆಲಸ ಅವ್ರದ್ದು?”

ಅವನು ಅವಳ ಸೊಂಟದ ಸರಪಳಿಗಳನ್ನು ನೋಡಿದ. “ಫೋನಿನ ಕೆಲಸ” ಎಂದ.

ಪಾಸ್ತೋರಾ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ.

ಅರ್ಧ ಗಂಟೆ ಅವನು ನನ್ನ ಹಣ್ಣಿನ ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತ. ಒಂದು ಹಣ್ಣು ಕೊಟ್ಟೆ. ಬೇಡ ಎಂದ. ಆಮೇಲೆ ನಾಲ್ಕು ತಿಂದ. ಟೈಗೆ ಜೇನು ಬಿತ್ತು. ಕೊನೆಗೂ ಫೋನು ಹೊಡೆದುಕೊಂಡಿತು. ಅವನು ಕೈ ಚಾಚಿದ. ಪಾಸ್ತೋರಾ ಫೋನನ್ನು ಎದೆಗೆ ಅವುಚಿಕೊಂಡಳು.

“ಬರ್ಕೊಡಿ.”

“ಏನು?”

“ಈಗ ಬಾಯಲ್ಲಿ ಹೇಳಿದ್ರಲ್ಲ, ಅದೇ. ಹೆಸರು, ಜಾಗ, ಕೆಲಸ. ಕೆಳಗೆ ನಿಮ್ಮ ರುಜು.”

“ಇದು ಬೆದರಿಕೆ!”

“ಅಲ್ಲ ಡಾಕ್ಟ್ರೇ. ನಿಮ್ಮ ಪ್ಲಾನಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಇರತ್ತಲ್ಲ, ಷರತ್ತುಗಳು ಅಂತ. ನಂದು ಒಂದೇ ಷರತ್ತು.”

ಮೂರನೆಯ ಸಲ ಹೊಡೆದುಕೊಂಡಿತು. ನಾನು ರಟ್ಟಿನ ಬೋರ್ಡನ್ನು ತಿರುಗಿಸಿ ಅವನ ತೊಡೆಯ ಮೇಲಿಟ್ಟೆ. ಪೆನ್ನು ಅವನ ಜೇಬಿನಲ್ಲೇ ಇತ್ತು. ಅವನು ಅಷ್ಟು ಬೇಗ ಬರೆದದ್ದನ್ನು ಅವನ ಶಾಖೆಯಲ್ಲಿ ಯಾರೂ ಕಂಡಿರಲಾರರು. ಆರನೆಯ ಸಲ ಹೊಡೆದುಕೊಳ್ಳುವಾಗ ಫೋನು ಅವನ ಕೈಗೆ ಬಂತು. ಕರೆಗೆ ಅವಳು ದುಡ್ಡು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ರಸ್ತೆ ದಾಟಿದಳು. ಈ ಸಲ ಜಾಕೀಟು ಕಳಚಲಿಲ್ಲ. ಒಳಗಿನದನ್ನು ಹೊರಗೆ ಮಾಡಿ ತೊಟ್ಟಿದ್ದಳು, ಕಂಪನಿಯ ಹೆಸರು ಅವಳ ಬೆವರಿನ ಕಡೆಗಿತ್ತು. ಕೊರಳಲ್ಲಿ ರಟ್ಟು. ಬಗಲಲ್ಲಿ ಸ್ಟೂಲು. ಹಿಂದೆ ನಾನು, ಬೋಗುಣಿ ಹೊತ್ತು.

“ತೀಯಾ, ಮಾರಾಟದವ್ರು…” ಎಂದ ವಿಲ್ಮಾರ್.

“ಮಾರಾಟದವಳಲ್ಲ ಕಣೋ. ಓದ್ಕೋ. ಫೋನಿನ ಕೆಲಸದವಳು. ನಿಮ್ಮ ಡಾಕ್ಟ್ರೇ ಬರ್ದಿದ್ದು.”

ವಿಲ್ಮಾರ್ ಓದಿದ. ಎರಡು ಸಲ ಓದಿದ. ಈ ಸಲ ಬೂಟು ನೋಡದೆ ಬಾಗಿಲು ತೆಗೆದ.

ಡಾಕ್ಟರು ರಟ್ಟನ್ನು ನೋಡಿ ಕೆಮ್ಮಿದ. ಕೆಲಸ ಸರಿ, ವಿಳಾಸ ಸರಿ, ಎಂದು ಒಪ್ಪಿದ. ಆಮೇಲೆ ಡ್ರಾಯರಿನಿಂದ ಒಂದು ಸ್ಮಾರ್ಟ್‌ಫೋನಿನ ಪೆಟ್ಟಿಗೆ ತೆಗೆದು ಮುಂದಿಟ್ಟ.

“ಮೂವತ್ತಾರು ಕಂತು. ಇಲ್ಲಿ ರುಜು ಮಾಡಿ.”

ಪಾಸ್ತೋರಾ ಪೆಟ್ಟಿಗೆಯನ್ನು ನೋಡಿದಳು. ಮೊದಲ ದಿನ ಅದಕ್ಕೂ ಹೂಂ ಎಂದಿದ್ದವಳು. ಒಂದು ಬೆರಳಿನಿಂದ ಅದನ್ನು ವಾಪಸು ತಳ್ಳಿದಳು.

“ಬೇಡ. ನಂಬರ್ ಮಾತ್ರ ಕೊಡಿ.”

“ಹಾಗೆ ಬರೋದಿಲ್ಲಮ್ಮ. ಕಂಪ್ಯೂಟರ್ ಒಪ್ಪಲ್ಲ.”

“ಸರಿ. ಒಪ್ಪೋ ತನಕ ಇಲ್ಲೇ ಇರ್ತೀನಿ. ನಾನು ಎಲ್ಲಿಗೂ ಹೋಗಲ್ಲ ಅಂತ ನೀವೇ ಬರ್ದಿದ್ದೀರಿ.”

ಅಂಗಡಿಯ ನಟ್ಟನಡುವೆ ಸ್ಟೂಲು ಹಾಕಿ ಕೂತಳು. ಆರು ಫೋನುಗಳನ್ನು ಮುಂದೆ ಹರಡಿಕೊಂಡಳು. ಟೋಕನ್ ಹಿಡಿದು ಕಾಯುತ್ತಿದ್ದವರು ಮೂವತ್ತು ಜನ. ಒಬ್ಬರ ಲೈನು ಸತ್ತಿದೆ, ಇನ್ನೊಬ್ಬರ ಕರೆನ್ಸಿ ಮುಗಿದಿದೆ, ಮತ್ತೊಬ್ಬರ ಎಲ್ಲೆಯಿಲ್ಲದ ಬದುಕು ಹನ್ನೆರಡನೇ ತಾರೀಖಿಗೇ ಎಲ್ಲೆ ಮುಟ್ಟಿದೆ. ಮೊದಲು ಒಬ್ಬ ಮುದುಕಿ ಎದ್ದು ಬಂದಳು. ಆಮೇಲೆ ಸಾಲು ನಿಂತಿತು. ನಾನು ಮೂಲೆಯಲ್ಲಿ ಬೋಗುಣಿ ಇಳಿಸಿದೆ. ಏಸಿ ಗಾಳಿಯಲ್ಲಿ ಹಣ್ಣು ಮಾರಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಡಾಕ್ಟರ ಮುಖ ಕೆಂಪಾಯಿತು. “ಪೊಲೀಸರನ್ನ ಕರೀತೀನಿ!”

“ಕರೀರಿ. ಯಾವ ಫೋನಿಂದ ಕರೀತೀರಿ?” ಎಂದಳು ಪಾಸ್ತೋರಾ. ಅವನ ಹೊಸ ಫೋನು ಬರಲು ಇನ್ನೂ ಐದು ದಿನವಿತ್ತು. ಅವಳು ಒಂದು ಫೋನನ್ನು ಸರಪಳಿ ಸಮೇತ ಅವನತ್ತ ಚಾಚಿದಳು. “ತಗೊಳ್ಳಿ. ಪೊಲೀಸ್‌ಗೆ ಬಿಟ್ಟಿ.”

ಮೂವತ್ತು ಜನವೂ ನಕ್ಕರು. ವಿಲ್ಮಾರ್ ಗೋಡೆಯ ಕಡೆ ತಿರುಗಿ ನಕ್ಕ. ಮಧ್ಯಾಹ್ನ ಎರಡಾಯಿತು. ಕೊನೆಗೆ ಮೂರನೆಯ ಕೌಂಟರಿನ ಹುಡುಗಿ ಡಾಕ್ಟರನ್ನು ಕೇಳದೆಯೇ ನಾಲ್ಕು ಗುಂಡಿ ಒತ್ತಿದಳು.

“ತೀಯಾ, ಬನ್ನಿ. ‘ಹಳೆಯ ಗ್ರಾಹಕರ ಪ್ಲಾನ್’ ಅಂತ ಒಂದಿದೆ. ನಂಬರ್ ಮಾತ್ರ, ಫೋನ್ ಇಲ್ಲ. ತಿಂಗಳಿಗೆ ಹನ್ನೆರಡು ಸಾವಿರ.”

“ಯಾವಾಗಿಂದ ಇದೆ ತಾಯಿ ಇದು?”

ಹುಡುಗಿಯ ತಲೆ ತಗ್ಗಿತು. “ಮೊದ್ಲಿಂದಾನೂ ಇದೆ. ಕೇಳಿದವ್ರಿಗೂ ಹೇಳ್ಬೇಡಿ ಅಂತ ಆರ್ಡರ್.”

ಮೊದಲಿಂದಲೂ ಇತ್ತು. ಒಬ್ಬ ಮುದುಕನ ಕಣ್ಣು, ಎಂಟು ರಾತ್ರಿಯ ಹಾಡು, ಮೂರು ಸಲ ಕಳಚಿದ ಜಾಕೀಟು. ಎಲ್ಲ ಆಗುವಾಗಲೂ ಅದು ಆ ಕಂಪ್ಯೂಟರಿನೊಳಗೆ ತೆಪ್ಪಗೆ ಕೂತಿತ್ತು. ಪಾಸ್ತೋರಾ ಹನ್ನೆರಡು ಸಾವಿರ ಎಣಿಸಿ ಇಟ್ಟಳು. ಬೈದಿದ್ದರೆ ಡಾಕ್ಟರಿಗೆ ಹಗುರವಾಗುತ್ತಿತ್ತೇನೋ.

ಏಳನೆಯ ಫೋನಿಗೆ ದೀಪ ಬಂತು. ಅವಳು ಆ ಸ್ಟೂಲಿನ ಮೇಲೆಯೇ ಕೂತು ದೋಣಿಕಟ್ಟೆಗೆ ಕರೆ ಮಾಡಿದಳು. ಸ್ಪೀಕರ್ ಹಾಕಿದಳು. ಅತ್ತ ಯಾರೋ ಎತ್ತಿದರು, ಉಸಿರು ಮಾತ್ರ ಕೇಳಿಸಿತು. ಆಮೇಲೆ ಎರ್ಮೊಹೆನೆಸನ ನಡುಗುವ ದನಿ.

“ನಾಲ್ಕು ನಾಲ್ಕು ಒಂದು ಏಳು ಅಂತ ಇದೆಯಂತೆ ಇದ್ರಲ್ಲಿ… ಪಾಸ್ತೋರಾ?”

“ಹೂಂ ಕಣಣ್ಣ.”

“ಇದ್ದೀಯಾ?”

“ಇದ್ದೀನಿ.”

“ಇವತ್ತು ರಾತ್ರಿ ನಿನ್ನ ಕಳಿಸ್ಕೊಡೋದಿತ್ತಲ್ಲೇ! ಕಾಫಿ, ಬ್ರೆಡ್ಡು ಎಲ್ಲ ತಂದಾಯ್ತು. ಈಗ ಹಾಡಿದ್ದೆಲ್ಲ ಏನು ಮಾಡೋದು?”

“ಇಟ್ಕೊಂಡಿರಿ. ಮುಂದೆ ಬೇಕಾಗತ್ತೆ. ಅಣ್ಣ, ಕಣ್ಣು ಹೇಗಿದೆ?”

“ಇಡು, ಇಡು. ನಿಂಗೆ ನಿಮಿಷ ಓಡ್ತಿದೆ.”

ಇಟ್ಟೇಬಿಟ್ಟ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ನಲವತ್ತು ಸೆಕೆಂಡೂ ಆಗಿರಲಿಲ್ಲ. ಕಂಪನಿ ಒಂದು ನಿಮಿಷ ಎಂದೇ ಹಿಡಿದುಕೊಂಡಿತು.